ಬಾರ್ಕಿಂಗ್‌ನ ಮೊಟ್ಟೆ ಕಾಸು

"ನಿಮ್ಮ ಕಡೆ ಸನ್ಯಾಸಿನಿಯರು ಏನು ಊಟ ಮಾಡ್ತಿದ್ರು?" ಪೂರ್ವ ಲಂಡನ್ನಿನ ಬಾರ್ಕಿಂಗ್ ಅಬ್ಬೆ ಅನ್ನುವ ಹಳೆಯ ಕ್ರೈಸ್ತ ಸನ್ಯಾಸಿನಿಯರ ಮಠದ ಮೋಟುಗೋಡೆಗಳ ನಡುವೆ ಒಬ್ಬ ಅಜ್ಜಿ ಕೇಳಿದರು. ನಾನು ಚನ್ನರಾಯಪಟ್ಟಣದವನು. ಜೈನರ ಶ್ರವಣಬೆಳಗೊಳ ನಮ್ಮ ಹಿತ್ತಲಿದ್ದ ಹಾಗೆ. ಆದರೂ ಬಾಯಿಗೆ ಉತ್ತರ ಬರಲಿಲ್ಲ. ಚುರ್ ಅಂತು.

ಅಜ್ಜಿಗೋ ಅಲ್ಲಿಯ ಅಡುಗೆಮನೆ ಪೂರ್ತಿ ಗೊತ್ತು. ಉಗ್ರಾಣ ನೋಡಿಕೊಳ್ಳಲು 'ಸೆಲರೆಸ್' ಅಂತ ಒಬ್ಬ ಸನ್ಯಾಸಿನಿ ಇರುತ್ತಿದ್ದರು. ಆಕೆ ಏನೇನು ಮಾಡಬೇಕು ಅನ್ನುವ ಪಟ್ಟಿ ಇವತ್ತಿಗೂ ಉಳಿದಿದೆ. ಈಸ್ಟರ್ ಹಬ್ಬಕ್ಕೆ ಮುಂಚಿನ ಲೆಂಟ್ ಉಪವಾಸಕ್ಕೆ ಬಾದಾಮಿ, ಅಂಜೂರ, ಅಕ್ಕಿ, ಹೆರಿಂಗ್ ಮೀನು ತರಿಸಬೇಕು. ಒಬ್ಬೊಬ್ಬರಿಗೂ ವಾರವಾರ ಮೊಟ್ಟೆ ಕಾಸು, ಅಂದರೆ ಮೊಟ್ಟೆಗಂತ ದುಡ್ಡು, ಎಣಿಸಿ ಕೊಡಬೇಕು. ಉಪವಾಸ ಅಂತ ಹೇಳಿ ಬಾದಾಮಿ, ಅಂಜೂರ! ನಮ್ಮ ಏಕಾದಶಿಯ ಫಲಾಹಾರ ನೆನಪಾಗಿ ನಗು ಬಂತು.

ಓದಿನ ಲೆಕ್ಕವೂ ಇದೆ. 1404ರಲ್ಲಿ ಮಠದ ಯಜಮಾನಿ ಸಿಬಿಲ್ ಡಿ ಫೆಲ್ಟನ್ ಕೊಟ್ಟ ವಿಧಿಪುಸ್ತಕ ಹೇಳುವಂತೆ, ವರ್ಷಕ್ಕೊಮ್ಮೆ ಜಮಖಾನ ಹಾಸಿ ಪುಸ್ತಕಗಳನ್ನೆಲ್ಲ ಅದರ ಮೇಲಿಡುತ್ತಿದ್ದರು. ಒಬ್ಬೊಬ್ಬರ ಹೆಸರು ಕರೆದು, ಕಳೆದ ವರ್ಷ ಕೊಟ್ಟದ್ದನ್ನು ಓದಿದೆಯಾ ಅಂತ ವಿಚಾರಣೆ. ಓದಿಲ್ಲದಿದ್ದರೆ ಎಲ್ಲರೆದುರೇ ತಪ್ಪೊಪ್ಪಿಗೆ.

ಈ ಮಠ ಶುರುವಾದದ್ದು ಸುಮಾರು 666ರಲ್ಲಿ. ಎರ್ಕನ್‌ವಾಲ್ಡ್ ಅನ್ನುವವನು ಸೋದರಿ ಎಥೆಲ್‌ಬರ್ಗಾಳಿಗಾಗಿ ಕಟ್ಟಿಸಿದ್ದು. ಹೆಚ್ಚುಕಮ್ಮಿ ಅದೇ ಕಾಲಕ್ಕೆ ನಮ್ಮ ಬೆಳಗೊಳದ ಚಂದ್ರಗಿರಿ ಬೆಟ್ಟದ ಬಂಡೆಗಳ ಮೇಲೂ ಜೈನ ಸನ್ಯಾಸಿನಿಯರ ಹೆಸರು ಬೀಳುತ್ತಿತ್ತು. ಚಿತ್ತೂರಿನ ಮೌನಿಗುರುವಿನ ಶಿಷ್ಯೆ ನಾಗಮತಿ ಗಂತಿಯರು (ಗಂತಿ ಅಂದರೆ ಸನ್ಯಾಸಿನಿ) ಮೂರು ತಿಂಗಳು ನೋಂತು ಮುಡಿಪಿದರು, ಅಂದರೆ ವ್ರತ ಹಿಡಿದು ಪ್ರಾಣ ಬಿಟ್ಟರು. ಅಷ್ಟೇ. ಗುರು ಯಾರು, ಹೇಗೆ ಸತ್ತರು, ಮುಗೀತು. ಬದುಕಿದ್ದಾಗ ಬೆಳಗ್ಗೆ ಎದ್ದು ಏನು ಮಾಡ್ತಿದ್ರು, ಏನು ಓದ್ತಿದ್ರು, ಯಾರ ಜೊತೆ ಜಗಳ ಆಡ್ತಿದ್ರು? ಸುಳಿವೇ ಇಲ್ಲ. ಸಾವಿಗೆ ನಾವು ಕಲ್ಲು ನೆಡಿಸುತ್ತೇವೆ. ದಿನದ ಬದುಕು ಬರೆದಿಡುವಷ್ಟು ದೊಡ್ಡದು ಅಂತ ನಮಗೆ ಅನ್ನಿಸುವುದೇ ಇಲ್ಲ. ನಮ್ಮಜ್ಜಿಯ ತಿಥಿಯ ತಾರೀಕು ಮನೆಮಂದಿಗೆಲ್ಲ ಬಾಯಿಪಾಠ. ಅವರು ಹುಟ್ಟಿದ ಇಸವಿ ಕೇಳಿ ನೋಡಿ!

ಹಾಗಂತ ಇಂಗ್ಲಿಷರನ್ನು ತಲೆ ಮೇಲೆ ಹೊತ್ತು ಕುಣಿಯುವ ಹಾಗೂ ಇಲ್ಲ ಬಿಡಿ. 1539ರ ನವೆಂಬರಿನಲ್ಲಿ ಈ ಮಠವನ್ನು ಮುಚ್ಚಿಸಿದ್ದು ಅವರದೇ ರಾಜ, ಎಂಟನೆಯ ಹೆನ್ರಿ. ಚಾವಣಿಯ ಸೀಸ ಗ್ರೀನಿಚ್ ಅರಮನೆಗೆ ಹೋಯಿತು. ಈಗ ನೆಟ್ಟಗೆ ನಿಂತಿರುವುದು ಕರ್ಫ್ಯೂ ಟವರ್ ಅನ್ನುವ ಹೆಬ್ಬಾಗಿಲು ಒಂದೇ. ಚಂದ್ರಗಿರಿಯ ಬರಹಗಳನ್ನು ಯಾವ ರಾಜನೂ ಕಿತ್ತು ಮಾರಲಿಲ್ಲ. ಬೆಳಗೊಳಕ್ಕೆ ಆರ್ಯಿಕೆಯರು, ಅಂದರೆ ಜೈನ ಸನ್ಯಾಸಿನಿಯರು, ಇವತ್ತಿಗೂ ಬರಿಗಾಲಲ್ಲಿ ನಡೆದು ಬರುತ್ತಾರೆ. ದಿನಕ್ಕೆ ಒಂದೇ ಹೊತ್ತು ಊಟ, ಅದೂ ಶ್ರಾವಕರು, ಅಂದರೆ ಸಂಸಾರಸ್ಥ ಜೈನರು, ಬೊಗಸೆಗೆ ಬಡಿಸಿದ್ದು. ಉಗ್ರಾಣವೇ ಇಲ್ಲದವರ ಹತ್ತಿರ ಉಗ್ರಾಣದ ಲೆಕ್ಕ ಕೇಳಿದರೆ ಎಲ್ಲಿಂದ ತರಬೇಕು, ಅಲ್ವಾ? ಇದನ್ನು ಒಪ್ಪಲೇಬೇಕು.

ಆದರೂ ಬಡಿಸಿದ ಮನೆಯವಳು ಯಾರು, ಅವತ್ತು ಏನು ಮಾಡಿದ್ದಳು ಅಂತ ಯಾರಾದರೂ ಒಂದು ಸಾಲು ಕೆತ್ತಿಸಬಾರದಿತ್ತಾ? ದಾನ ಕೊಟ್ಟ ಗದ್ದೆಯ ಎಲ್ಲೆಯನ್ನು ಮಾತ್ರ ಮೂಡಲು, ತೆಂಕಲು, ಪಡುವಲು, ಬಡಗಲು ಅಂತ ಒಂದು ಮೂಲೆಯೂ ಬಿಡದೆ ಕೆತ್ತಿಸಿದ್ದಾರೆ.