ಗೇಟಿನ ಹೊರಗೆ ನಿಂತು ಕಲಿಸಿದ ಬೀರ್ ಪಾಠ

ಅಣ್ಣನ ಮಗ ನಿನ್ನೆ ರಾತ್ರಿ ಡಬ್ಲಿನ್‌ನಿಂದ ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ. ಐದು ಸಲ ನೋಡಿದೆ. ಮೊದಲ ಮೂರು ಸಲ ಖುಷಿಯಾಯಿತು. ಆಮೇಲೆ ಹೊಟ್ಟೆ ಉರಿಯಲು ಶುರುವಾಯಿತು. ಬೆಳಿಗ್ಗೆ ಎದ್ದರೆ ದೋಸೆ ಹಿಟ್ಟು ಉಕ್ಕಿ ಕಟ್ಟೆ ಮೇಲೆಲ್ಲ ಹರಿದಿತ್ತು, ಅದರ ಮೇಲೂ ಸಿಟ್ಟು ಬಂತು. ಇನ್ನು ಒಳಗಿಟ್ಟುಕೊಂಡರೆ ಆಗುವುದಿಲ್ಲ, ಬರೆದೇ ಬಿಡುತ್ತೇನೆ.

ವಿಡಿಯೋದಲ್ಲಿ ಇರುವುದು ಇಷ್ಟೇ. ಒಂದು ಉದ್ದನೆ ಮರದ ಹಲಗೆ. ಅದರಲ್ಲಿ ಕುಣಿ ಕೊರೆದು ನಾಲ್ಕು ಪುಟ್ಟ ಗ್ಲಾಸು ಕೂರಿಸಿದ್ದಾರೆ. ಒಂದು ಡಿಕಾಕ್ಷನ್ ಹಾಗೆ ಕಪ್ಪು, ಒಂದು ಜೋನಿಬೆಲ್ಲದ ಬಣ್ಣ, ಒಂದು ಗಂಜಿ ತಿಳಿಯ ಹಾಗೆ ಮಬ್ಬು, ಇನ್ನೊಂದು ಕೆಂಪು. ಹಿಂದೆ ಸಾಲಾಗಿ ಸ್ಟೀಲ್ ಟ್ಯಾಂಕುಗಳು. ಟ್ಯಾಂಕಿಗೂ ಇವನಿಗೂ ನಡುವೆ ಹತ್ತು ಹೆಜ್ಜೆ ಇರಬಹುದು.

ಅದು ಗಿನ್ನೆಸ್ ಅನ್ನುವ ಬೀರ್ ಕಂಪನಿಯ ಪ್ರಯೋಗದ ಬ್ರೂವರಿ, ಅಂದರೆ ಬೀರ್ ತಯಾರಿಸುವ ಜಾಗ. ಓಪನ್ ಗೇಟ್ ಅಂತ ಹೆಸರು. 1759ರಲ್ಲಿ ಆರ್ಥರ್ ಗಿನ್ನೆಸ್ ವರ್ಷಕ್ಕೆ 45 ಪೌಂಡಿನ ಹಾಗೆ 9000 ವರ್ಷಕ್ಕೆ (ಹೌದು, ಮೂರು ಸೊನ್ನೆ, ತಪ್ಪು ಬರೆದಿಲ್ಲ) ಗೇಣಿಗೆ ಹಿಡಿದ ಜಾಗ ಇದೆಯಲ್ಲ, ಆ ದೊಡ್ಡ ಕಾರ್ಖಾನೆಯ ಆವರಣದಲ್ಲೇ ಇದೊಂದು ಚಿಕ್ಕದು. ಹೊಸ ಬೀರನ್ನು ಮೊದಲು ಇಲ್ಲಿ ಸ್ವಲ್ಪ ಸ್ವಲ್ಪ ಮಾಡಿ ನೋಡುತ್ತಾರೆ. ಮೊದಲೆಲ್ಲ ಅದು ಕಂಪನಿಯವರಿಗೆ ಮಾತ್ರ. 2015ರಲ್ಲಿ ಬಾಗಿಲು ತೆಗೆದು, ಬೀರಿನಲ್ಲಿ ಆಸಕ್ತಿ ಇರುವವರು ಬನ್ನಿ, ರುಚಿ ನೋಡಿ ಅಂದರು.

"ಅತ್ತೆ, ಈ ಕೆಂಪಗಿರೋದು ಉಂಟಲ್ಲ, ಮುರುಗಲ ಸಾರಿಗೆ ಉಪ್ಪು ಹಾಕೋದು ಮರೆತ ಹಾಗೆ ಉಂಟು" ಅಂತ ನಮ್ಮವನು ಮುಖ ಕಿವುಚಿದ. ಪಕ್ಕದಲ್ಲಿದ್ದ ಅಲ್ಲಿನ ಕೆಲಸದ ಹುಡುಗಿ ಏನಾಯಿತು ಅಂತ ಕೇಳಿದಳು. ಇವನು ಮುರುಗಲು ಅಂದರೆ ಏನು ಅಂತ ಇಂಗ್ಲಿಷಿನಲ್ಲಿ ಹೇಳಲು ಹೋಗಿ ಒದ್ದಾಡಿದ. ಅವಳು ಕೇಳಿಸಿಕೊಂಡಳು. ನಿಂತು, ಪೂರ್ತಿ ಕೇಳಿಸಿಕೊಂಡಳು.

ನನ್ನ ಹೊಟ್ಟೆ ಉರಿದಿದ್ದು ಅಲ್ಲೇ.

ನನ್ನನ್ನು ಬಲ್ಲವರಿಗೆ ಕಾರಣ ಗೊತ್ತು. 31 ವರ್ಷ ಇದೇ ಜಿಲ್ಲೆಯ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಕಲಿಸಿದವಳು. ಪ್ರತಿ ವರ್ಷ ಯೀಸ್ಟ್ ಪಾಠ. ಪ್ರತಿ ವರ್ಷ ಬೋರ್ಡಿನ ಮೇಲೆ ಅದೇ ಚಿತ್ರ: ಬಾರ್ಲಿ ನೆನೆಸಿ ಮೊಳಕೆ ಬರಿಸು, ಒಣಗಿಸು, ಬಿಸಿನೀರಿನಲ್ಲಿ ಕಲಸಿ ಸಿಹಿ ತೆಗೆ, ಹಾಪ್ಸ್ (ಕಹಿ ಕೊಡುವ ಒಂದು ಬಳ್ಳಿಯ ಹೂವು) ಹಾಕಿ ಕುದಿಸು, ತಣಿಸು, ಯೀಸ್ಟ್ ಬಿಡು. ಬಾಣ, ಡಬ್ಬಿ, ಬಾಣ, ಡಬ್ಬಿ. ಕಣ್ಣು ಮುಚ್ಚಿಕೊಂಡು ಬರೆಯುತ್ತೇನೆ. ಆದರೆ ಒಂದೇ ಒಂದು ಬ್ರೂವರಿಯ ಒಳಗೆ ನಾನು ಕಾಲಿಟ್ಟಿಲ್ಲ. ಬಿಡಲಿಲ್ಲ. ಈಜು ಬಾರದವಳು ದಡದಲ್ಲಿ ನಿಂತು 31 ವರ್ಷ ಈಜು ಹೇಳಿಕೊಟ್ಟ ಹಾಗಾಯಿತು.

ನಾವು ವಿಜ್ಞಾನದವರು ದಿನಾ ಬಳಸುವ ಎಷ್ಟೋ ಸಾಮಾನು ಹುಟ್ಟಿದ್ದೇ ಬೀರ್ ಕಾರ್ಖಾನೆಯಲ್ಲಿ, ಗೊತ್ತಾ? ಪಿಎಚ್ ಅನ್ನುತ್ತೇವಲ್ಲ, ಎಷ್ಟು ಹುಳಿ ಎಷ್ಟು ಕ್ಷಾರ ಅನ್ನುವ ಅಳತೆ, ಮಣ್ಣಿನ ಪಿಎಚ್, ಸಿಗಡಿ ಕೆರೆಯ ಪಿಎಚ್, ಈಗ ಮುಖಕ್ಕೆ ಹಚ್ಚುವ ಕ್ರೀಮಿನ ಜಾಹೀರಾತಿನಲ್ಲೂ ಪಿಎಚ್. ಆ ಅಳತೆಯನ್ನು 1909ರಲ್ಲಿ ಕೊಟ್ಟವನು ಸೋರೆನ್‌ಸೆನ್, ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ. ಅದೇ ಜಾಗದಲ್ಲಿ 1883ರಲ್ಲಿ ಹ್ಯಾನ್ಸೆನ್ ಅನ್ನುವವನು ಒಂದೇ ಒಂದು ಯೀಸ್ಟ್ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿ ತೋರಿಸಿದ. ಅಲ್ಲಿಯವರೆಗೆ ಬೀರ್ ಕೆಟ್ಟರೆ ಹಣೆಬರಹ ಅಂತಿದ್ದರು. ಕೆಡಿಸುವುದು ಒಳಗೆ ಸೇರಿಕೊಂಡ ಬೇರೆ ಜಾತಿಯ ಯೀಸ್ಟ್ ಅಂತ ಇವನು ಹಿಡಿದ. ಆಮೇಲೆ ಏನು ಮಾಡಿದರು? ಬಚ್ಚಿಟ್ಟರಾ? ಬೇರೆ ಕಂಪನಿಗಳಿಗೂ ಆ ಯೀಸ್ಟ್ ಹಂಚಿದರು. ಇಲ್ಲಿ ಕಂಡುಕೊಂಡಿದ್ದನ್ನು ಗುಟ್ಟಾಗಿ ಇಡಬಾರದು ಅಂತ ಆ ಪ್ರಯೋಗಾಲಯದ ನಿಯಮದಲ್ಲೇ ಬರೆಸಿದ್ದ ಅದನ್ನು ಕಟ್ಟಿಸಿದ ಯಜಮಾನ.

ಇನ್ನು ಟಿ-ಟೆಸ್ಟ್. ಎರಡು ಸರಾಸರಿಗಳ ನಡುವಿನ ವ್ಯತ್ಯಾಸ ನಿಜವಾ, ಆಕಸ್ಮಿಕವಾ ಅಂತ ನೋಡುವ ಲೆಕ್ಕ. ಬಯೋಸ್ಟ್ಯಾಟಿಸ್ಟಿಕ್ಸ್ ಓದಿದವರೆಲ್ಲ ಅದರ ಹೆಸರು ಕೇಳಿ ಒಮ್ಮೆ ಬೆವರಿದವರೇ. ಅದನ್ನು ಮಾಡಿದ ಗಾಸೆಟ್ ಇದೇ ಗಿನ್ನೆಸ್‌ನ ನೌಕರ. ನಾವು ಲ್ಯಾಬಿನಲ್ಲಿ ರಕ್ತಕಣ ಎಣಿಸಲು ಚೌಕಳಿ ಗೆರೆ ಹಾಕಿದ ಗಾಜು ಇಟ್ಟುಕೊಳ್ಳುತ್ತೇವಲ್ಲ, ಅಂಥದರಲ್ಲಿ ಯೀಸ್ಟ್ ಎಣಿಸುವಾಗ ಎಷ್ಟು ತಪ್ಪಾಗಬಹುದು ಅಂತ 1907ರಲ್ಲಿ ಬರೆದವನು. ಮರುವರ್ಷ, 1908ರಲ್ಲಿ, ಟಿ-ಟೆಸ್ಟಿನ ಆ ದೊಡ್ಡ ಲೇಖನ ಬಂತು. ಆದರೆ ಲೇಖಕನ ಹೆಸರು 'ಸ್ಟೂಡೆಂಟ್'. ಯಾಕಂದರೆ ನೌಕರರು ಸ್ವಂತ ಹೆಸರಲ್ಲಿ ಪ್ರಕಟಿಸುವ ಹಾಗಿರಲಿಲ್ಲ, ಕಂಪನಿಯ ಗುಟ್ಟು ಹೊರಗೆ ಹೋದೀತು ಅಂತ. ಅಂಥ ಕಂಪನಿ 107 ವರ್ಷ ಆದ ಮೇಲೆ ಬಾಗಿಲು ತೆಗೆದು, ಈಗ ನಮ್ಮ ಅಂಕೋಲೆಯ ಹುಡುಗನನ್ನು ಒಳಗೆ ಕರೆದು, ಹೇಗಿದೆ ಹೇಳಪ್ಪ ಅಂತ ಕೇಳುತ್ತಿದೆ.

ಕಲಿಯಬಹುದು ಅಂತಾಯಿತಲ್ಲ, ದೊಡ್ಡ ಕಂಪನಿಗಳೂ.

ಈಗ ನಮ್ಮ ಕತೆ. 2003. ಫೈನಲ್ ಇಯರ್ ಮಕ್ಕಳು 42 ಜನ, ನಾನು, ಇನ್ನೊಬ್ಬರು ಸರ್, ಒಂದು ಬಾಡಿಗೆ ಬಸ್ಸು. ಘಟ್ಟ ಹತ್ತಿ, ರಾತ್ರಿಯಿಡೀ ಕೂತು, ಬಯಲುಸೀಮೆಯ ಒಂದು ಬೀರ್ ಕಾರ್ಖಾನೆಗೆ ಹೋದೆವು. ಹೆಸರು ಬೇಡ. ಎರಡು ತಿಂಗಳು ಪತ್ರ ಬರೆದು ಒಪ್ಪಿಗೆ ತರಿಸಿಕೊಂಡಿದ್ದೆ, ಪತ್ರ ಕೈಯಲ್ಲೇ ಇತ್ತು. ಗೇಟಿನವನು ಪತ್ರ ನೋಡಿದ, ಬಸ್ಸು ನೋಡಿದ, ಹೆಣ್ಣುಮಕ್ಕಳನ್ನು ನೋಡಿದ. ಒಳಗೆ ಫೋನ್ ಮಾಡಿದ. ಎರಡು ಗಂಟೆ ಬಿಸಿಲಲ್ಲಿ ನಿಂತೆವು. ಕೊನೆಗೆ ಟೈ ಕಟ್ಟಿದ ಒಬ್ಬರು ಬಂದು, ಇವತ್ತು ಆಗುವುದಿಲ್ಲ ಮೇಡಂ, ಲೇಡೀಸ್ ಬೇರೆ ಇದ್ದಾರೆ, ಅಂದರು. ಮತ್ತೆ ಎಲ್ಲರಿಗೂ ಒಂದೊಂದು ಬಾಲ್ ಪೆನ್ ಕೊಟ್ಟರು. ಪೆನ್ನಿನ ಮೇಲೆ ಕಂಪನಿಯ ಹೆಸರು. ಮಕ್ಕಳ ಅಪ್ಪ ಅಮ್ಮ ನೋಡಿದರೆ ಕಷ್ಟ ಅಂತ ಆ ಪೆನ್ನುಗಳನ್ನೂ ನಾನೇ ವಾಪಸ್ ಕೇಳಿ ಇಟ್ಟುಕೊಂಡೆ.

ಆದರೆ ವಾಸನೆ ಬರುತ್ತಿತ್ತು. ಗೇಟು ವಾಸನೆಯನ್ನು ತಡೆಯುವುದಿಲ್ಲವಲ್ಲ. ಬಿಸಿ ಬಿಸಿ, ಸ್ವಲ್ಪ ಸಿಹಿ, ರಾಗಿ ಅಂಬಲಿ ಕುದಿಯುವಾಗ ಬರುತ್ತದಲ್ಲ ಹಾಗೆ, ಅದರ ಹಿಂದೆ ಒಂದು ಸೊಪ್ಪಿನ ಕಹಿ. ಅಷ್ಟರಲ್ಲಿ ಒಳಗಿನಿಂದ ಒಂದು ಟ್ರ್ಯಾಕ್ಟರ್ ಬಂತು. ಟ್ರೇಲರಿನ ತುಂಬ ಹೊಗೆಯಾಡುವ ಬಾರ್ಲಿ ಚರಟ. ಸಿಹಿ ತೆಗೆದ ಮೇಲೆ ಉಳಿದಿದ್ದನ್ನು ಹಸು ಎಮ್ಮೆಗಳಿಗೆ ಅಂತ ರೈತರು ಒಯ್ಯುತ್ತಾರೆ. ಗೇಟಿನ ಉಬ್ಬಿನಲ್ಲಿ ಟ್ರೇಲರ್ ಕುಲುಕಿ ಒಂದು ಬೊಗಸೆಯಷ್ಟು ಕೆಳಗೆ ಬಿತ್ತು. ನಾನು ಬಗ್ಗಿ ಕರವಸ್ತ್ರದಲ್ಲಿ ತುಂಬಿಕೊಂಡೆ. ಕೈ ಸುಟ್ಟಿತು. ಮಕ್ಕಳು ಸುತ್ತ ನಿಂತು ಒಂದೊಂದೇ ಕಾಳು ತೆಗೆದು ಹಿಚುಕಿ ನೋಡಿದರು, ಬರೀ ಸಿಪ್ಪೆ, ಒಳಗೆ ಏನೂ ಇಲ್ಲ. ಒಬ್ಬಳು ಬಾಯಿಗೂ ಹಾಕಿಕೊಂಡು, ಸಿಹಿಯೇ ಇಲ್ಲ ಮಿಸ್, ಅಂದಳು. ಅದು ನಮ್ಮ ಕೈಗಾರಿಕಾ ಭೇಟಿ. ಆ ಎಮ್ಮೆಗಳಿಗೆ ನಮಗಿಂತ ಜಾಸ್ತಿ ಗೊತ್ತು ಆ ಕಾರ್ಖಾನೆಯ ಬಗ್ಗೆ.

ವಾಪಸ್ ಬರುವಾಗ ಒಂದು ಹಾಲಿನ ಡೇರಿ ತೋರಿಸಿಕೊಂಡು ಬಂದೆವು. ಅಲ್ಲಿ ಒಳಗೆ ಬಿಟ್ಟರು, ಫ್ಲೇವರ್ಡ್ ಹಾಲು ಕೊಟ್ಟರು. ರೆಕಾರ್ಡ್ ಪುಸ್ತಕದಲ್ಲಿ ಎಲ್ಲರೂ 'ಡೇರಿ ಭೇಟಿ' ಅಂತ ಬರೆದರು.

ಅದಾದ ಮೇಲೆ ಹಟ ಬಂದು ಒಂದು ಏಪ್ರಿಲ್‌ನಲ್ಲಿ ಲ್ಯಾಬಿನಲ್ಲೇ ಮಾಡಿ ತೋರಿಸಲು ಹೊರಟೆ. ನಮ್ಮ ಮನೆಯ ಹಿಂದಿನ ಗುಡ್ಡದಲ್ಲಿ ಗೇರುಹಣ್ಣು ಬಿದ್ದು ಕೊಳೆಯುತ್ತದೆ. ಬೀಜ ಕಿತ್ತುಕೊಂಡು ಹಣ್ಣು ಎಸೆಯುವ ಊರು ನಮ್ಮದು. ಮಾಜಾಳಿ ದಾಟಿ ಗೋವಾಕ್ಕೆ ಹೋದರೆ ಅದೇ ಹಣ್ಣಿನ ಮದ್ಯ ಫೆನ್ನಿಗೆ 2009ರಲ್ಲಿ ಜಿಐ ಟ್ಯಾಗ್, ಇದು ಈ ಊರಿನದೇ ಅನ್ನುವ ಮಾನ್ಯತೆ, ಬಂತು, ಇಲ್ಲಿ ಆಕಳೂ ಮೂಸಿ ಮುಂದೆ ಹೋಗುತ್ತದೆ. ಇರಲಿ. ಹಣ್ಣಿನ ರಸ ಹಿಂಡಿ ಫ್ಲಾಸ್ಕಿಗೆ ಹಾಕಿದೆ, ರಬ್ಬರ್ ಬುಚ್ಚು, ಅದರಿಂದ ಒಂದು ನಳಿಗೆ ಸುಣ್ಣದ ತಿಳಿನೀರಿಗೆ. ಯೀಸ್ಟ್ ಹಾಕಲೇ ಇಲ್ಲ. ಹಣ್ಣಿನ ಸಿಪ್ಪೆಯ ಮೇಲೆಯೇ ಇರುತ್ತದಲ್ಲ. ಮರುದಿನ ಬೆಳಿಗ್ಗೆ ಗುಳು ಗುಳು ಗುಳ್ಳೆ, ಸುಣ್ಣದ ನೀರು ಹಾಲಿನ ಹಾಗೆ ಬೆಳ್ಳಗೆ. ಮಕ್ಕಳ ಕಣ್ಣು ನೋಡಬೇಕಿತ್ತು. ಮಧ್ಯಾಹ್ನ ಪ್ರಿನ್ಸಿಪಾಲರ ಕರೆ: "ಮೇಡಂ, ಕಾಲೇಜಿನಲ್ಲೇ ಭಟ್ಟಿ ಇಳಿಸ್ತೀರಂತೆ?" ಸಂಜೆಯೊಳಗೆ ಫ್ಲಾಸ್ಕ್ ಸಿಂಕಿಗೆ ಖಾಲಿಯಾಯಿತು. ಮುಂದಿನ ವರ್ಷದಿಂದ ಸಕ್ಕರೆ ನೀರು, ಬೇಕರಿ ಯೀಸ್ಟ್. ಸುರಕ್ಷಿತ ವಿಜ್ಞಾನ.

ಬೆಳಿಗ್ಗೆ ಈ ವಿಡಿಯೋ ಫ್ಯಾಮಿಲಿ ಗ್ರೂಪಿಗೆ ಹಾಕಿ, ನಮ್ಮ ಬೀರ್ ಕಂಪನಿಗಳೂ ಹೀಗೆ ಬಾಗಿಲು ತೆಗೆದು ತೋರಿಸಲಿ ಅಂತ ಬರೆದೆ. ಭಾವನವರು ತಕ್ಷಣ ಟೈಪ್ ಮಾಡಿದರು: ಇದೆಲ್ಲ ಮಾರ್ಕೆಟಿಂಗ್ ಅಷ್ಟೇ. ಹೌದು ಭಾವ, ಮಾರ್ಕೆಟಿಂಗೇ. ಆ ನಾಲ್ಕು ಗ್ಲಾಸಿಗೂ ದುಡ್ಡು ಕೊಟ್ಟಿದ್ದಾನೆ ನಿಮ್ಮ ಅಳಿಯ. ಕಾಫಿ ತೋಟ ತೋರಿಸುವವರೂ ದುಡ್ಡು ತೆಗೆದುಕೊಂಡೇ ತೋರಿಸುತ್ತಾರೆ. ದುಡ್ಡು ತೆಗೆದುಕೊಂಡಾದರೂ ತೋರಿಸಲಿ ಅಂತಲೇ ನಾನು ಅಂದಿದ್ದು. ಇನ್ನೊಬ್ಬರು, ಬೆಂಗಳೂರಿನ ಪಬ್ಬುಗಳಲ್ಲಿ ಗಾಜಿನ ಹಿಂದೆ ಟ್ಯಾಂಕು ಕಾಣುತ್ತದಲ್ಲ ಅಂದರು. ಕಾಣುತ್ತದೆ, ಅಕ್ವೇರಿಯಂ ಮೀನು ಕಂಡ ಹಾಗೆ. ನನ್ನ ಪ್ರಶ್ನೆ ದೊಡ್ಡ ಕಂಪನಿಯವರಿಗೆ. ಪ್ರಯೋಗದ ಕೋಣೆ ನಿಮ್ಮಲ್ಲೂ ಇದ್ದೇ ಇರುತ್ತದಲ್ಲ?

ನಮ್ಮ ಕಾರವಾರದವರಿಗಂತೂ ಬೇಲಿಯ ಆಚೆ ಏನಿದೆ ಅಂತ ಕೇಳುವ ಅಭ್ಯಾಸವೇ ಹೋಗಿದೆ. ಒಂದು ಕಡೆ ನೌಕಾನೆಲೆ, ಇನ್ನೊಂದು ಕಡೆ ಕೈಗಾ ಅಣುಸ್ಥಾವರ. ಆದರೆ ನೋಡಿ, ನೌಕಾಪಡೆಯ ಹಳೆ ಯುದ್ಧನೌಕೆಯನ್ನೇ ಟಾಗೋರ್ ಬೀಚಿಗೆ ತಂದು ನಿಲ್ಲಿಸಿದ್ದಾರೆ. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಕ್ಷಿಪಣಿ ಎಲ್ಲಿಂದ ಹಾರುತ್ತಿತ್ತು ಅಂತ ಮಕ್ಕಳೂ ನೋಡಬಹುದು. ಯೀಸ್ಟ್ ಮಾತ್ರ ಬಹಳ ಅಪಾಯಕಾರಿ.

ಅದೇ ವಿಡಿಯೋ, ಅದೇ ಮಾತು ಕಳಿಸಿದ್ದ ಒಬ್ಬ ಹಳೆ ವಿದ್ಯಾರ್ಥಿಯೂ ಇನ್‌ಬಾಕ್ಸಿನಲ್ಲಿ ಕೇಳಿದ: "ಮಿಸ್, ಸುಕ್ರಜ್ಜಿಯ ಊರಿನ ಬದಿಯವರಾಗಿ ಬೀರಿನ ಪರ ಬರೀತೀರಾ?" ಇದು ಸ್ವಲ್ಪ ಚುಚ್ಚಿತು. ಬಡಗೇರಿಯ ಸುಕ್ರಿ ಬೊಮ್ಮಗೌಡ ಹಾಡಿಗೆ ಎಷ್ಟು ಹೆಸರಾದರೋ ಹೆಂಡ ಸಾರಾಯಿ ವಿರುದ್ಧದ ಹೋರಾಟಕ್ಕೂ ಅಷ್ಟೇ. 2017ರಲ್ಲಿ ಪದ್ಮಶ್ರೀ ಬಂದಾಗ ಇಡೀ ತಾಲೂಕು ಸಂಭ್ರಮಪಟ್ಟಿತ್ತು. ಆದರೆ ಅಜ್ಜಿ ಆ ಮಾತನ್ನು ಬಾಯಿಬಿಟ್ಟು ಆಡಿದರು. ಊರೂರಿಗೆ ಹೋಗಿ ಹೆಸರು ಹಿಡಿದು ಬೈದರು. ಮುಚ್ಚಿಡಲಿಲ್ಲ. ಮುಚ್ಚಿಟ್ಟವರು ನಾವು, ಓದಿದವರು. ಕುಡಿಯಿರಿ ಅಂತ ನಾನು ಎಲ್ಲಿ ಬರೆದೆ? ನೋಡಲು ಬಿಡಿ ಅಂದೆ.

ಮುಚ್ಚಿಟ್ಟವರು ಅಂದೆನಲ್ಲ. ಅದನ್ನೂ ಹೇಳಿ ಬಿಡುತ್ತೇನೆ. 2003ರ ಆ ಟೂರಿಗೆ ನೋಟೀಸು ಬರೆದಾಗ ಮೊದಲು 'ಬೀರ್ ಕಾರ್ಖಾನೆಗೆ ಭೇಟಿ' ಅಂತಿತ್ತು. ಅದನ್ನು ಹೊಡೆದು 'ಹುದುಗುವಿಕೆ ಘಟಕಕ್ಕೆ ಭೇಟಿ' ಅಂತ ತಿದ್ದಿದ್ದು ಪ್ರಿನ್ಸಿಪಾಲರಲ್ಲ. ನಾನು. ಯಾರೂ ಹೇಳಿರಲಿಲ್ಲ.

ಅಪ್ಪ ಕುಡಿಯುತ್ತಿದ್ದರು. ಬೀರಲ್ಲ, ಸಾರಾಯಿ. ನಮ್ಮ ಮನೆಯಲ್ಲಿ ಆಯಿ ಆ ಪದವನ್ನೇ ಆಡುತ್ತಿರಲಿಲ್ಲ, 'ಅದು' ಅನ್ನುತ್ತಿದ್ದಳು. "ಅದು ಕುಡಿದು ಬಂದಿದಾರೆ, ನೀವು ಒಳಗೆ ಹೋಗಿ." ನಾವು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಮಗ್ಗಿ ಹೇಳುತ್ತಿದ್ದೆವು, ಜೋರಾಗಿ. 2007ರಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತಾಗ ಅಪ್ಪ ಇರಲಿಲ್ಲ, ಆಯಿ ಇದ್ದಳು. ಪೇಪರ್ ಓದಿ ಹೇಳಿದೆ. "ಅದಾ?" ಅಂದಳು, ಅಷ್ಟೇ. ಕ್ಲಾಸಿನಲ್ಲಿ ನಾನು 31 ವರ್ಷ 'ಆಲ್ಕೋಹಾಲಿಕ್ ಫರ್ಮೆಂಟೇಶನ್' ಅಂತ ಹೇಳಿ ಮುಂದೆ ಹೋಗಿದ್ದೂ ಅದೇ 'ಅದು' ಅಂತ ಈಗ ಅನಿಸುತ್ತದೆ.

ನಾನು ಬೀರ್ ಕುಡಿದಿದ್ದೇನಾ ಅಂತ ಕೆಲವರಿಗೆ ಕುತೂಹಲ ಇರಬಹುದು. ಎರಡು ಸಲ. ಗೋವಾದ ಕಾಣಕೋಣದಲ್ಲಿ, ಅಣ್ಣನ ಜೊತೆ. ಮೊದಲ ಸಲ ಹಾಗಲಕಾಯಿ ಬೇಯಿಸಿದ ನೀರು ಅನಿಸಿತು. ಎರಡನೇ ಸಲದ್ದು ಹಸಿರು ಬಾಟಲಿ, ಅಂಗಡಿಯವನು ಬಿಸಿಲಿಗೆ ಜೋಡಿಸಿಟ್ಟಿದ್ದು. ಬಿಸಿಲು ತಾಗಿದರೆ ಹಾಪ್ಸಿನ ಕಹಿ ಒಡೆದು ಗಂಧಕದ ವಾಸನೆಯ ಒಂದು ವಸ್ತು ಹುಟ್ಟುತ್ತದೆ, ಅದನ್ನು ತಡೆಯಲೆಂದೇ ಕಂದು ಬಾಟಲಿ. ಮೂಗಿಗೆ ಬಂದ ಕೂಡಲೇ ಗೊತ್ತಾಯಿತು ನನಗೆ, ಪರೀಕ್ಷೆಗೆ ಎಷ್ಟೋ ಸಲ ಕೊಟ್ಟ ಪ್ರಶ್ನೆ ಅದು. ಕುಡಿಯಲು ಆಗದಿದ್ದರೂ ಖುಷಿಯಾಯಿತು. ಅಣ್ಣನಿಗೆ ಅರ್ಥವಾಗಲಿಲ್ಲ, ಪಾಪ.

ಇದನ್ನು ಓದುವವರಲ್ಲಿ ಯಾರಿಗಾದರೂ ಬ್ರೂವರಿಯಲ್ಲಿ ಪರಿಚಯದವರು ಇದ್ದರೆ ಒಂದು ಮಾತು ಹೇಳಿ. ರಿಟೈರ್ಡ್ ಮೇಡಂ ಒಬ್ಬರಿದ್ದಾರೆ, ವಯಸ್ಸು 62, ಮೊಣಕಾಲು ನೋವು, ಮೆಟ್ಟಿಲು ಕಷ್ಟ, ಆದರೂ ಹತ್ತುತ್ತಾರೆ. ತಲೆಗೆ ಟೋಪಿ, ಕಾಲಿಗೆ ಚೀಲ, ಹೇಳಿದ್ದೆಲ್ಲ ಹಾಕಿಕೊಳ್ಳುತ್ತಾರೆ. ಫೋಟೋ ತೆಗೆಯುವುದಿಲ್ಲ. ಕುಡಿಯುವುದಿಲ್ಲ ಅಂತ ಬೇಕಾದರೆ ಬರೆದುಕೊಡುತ್ತಾರೆ.

ಅಲ್ಲ, ಅದು ಬೇಡ. ಅದೊಂದನ್ನು ಬರೆದುಕೊಡುವುದಿಲ್ಲ. ಪೆನ್ನು ಬೇಕಿದ್ದರೆ ಅವರದೇ 42 ಇವೆ ನನ್ನ ಹತ್ತಿರ.