ಬೆಳಗಿನ ಐದು ಗಂಟೆಗೆ ಯಾಕೆ ಟ್ಯೂಷನ್?

ಇವತ್ತು ಬೆಳಿಗ್ಗೆ ಹಾಲು ತರಲು ಹೋಗಿದ್ದೆ. ಇನ್ನೂ ಐದು ಗಂಟೆ, ಕತ್ತಲು. ಮೆಡಿಕಲ್ ಶಾಪ್ ಮೇಲಿನ ಟ್ಯೂಷನ್ ಸೆಂಟರ್ ಬಾಗಿಲು ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಏಳೆಂಟು ಪಿಯುಸಿ ಮಕ್ಕಳು. ಒಬ್ಬಳು ಫಿಸಿಕ್ಸ್ ನೋಟ್ಸ್ ತೊಡೆ ಮೇಲಿಟ್ಟುಕೊಂಡೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಕರುಳು ಚುರುಕ್ ಎಂದಿತು. ಆಮೇಲೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಆ ವಯಸ್ಸಿನ ಮಕ್ಕಳಿಗೆ ರಾತ್ರಿ ಬೇಗ ನಿದ್ದೆ ಬರುವುದಿಲ್ಲ. ದಯವಿಟ್ಟು ಅದನ್ನು ಸೋಮಾರಿತನ ಅನ್ನಬೇಡಿ. ಮೆದುಳಿನಲ್ಲಿ, ಎರಡೂ ಕಣ್ಣಿನ ನರಗಳು ಕೂಡುವ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಗುಂಪೊಂದಿದೆ. ಬೆಳಕು ನೋಡಿಕೊಂಡು ಹಗಲು ರಾತ್ರಿಯ ಲೆಕ್ಕ ಇಡುವುದು ಅದೇ. ಕತ್ತಲಾದ ಮೇಲೆ ಮೆಲಟೋನಿನ್ ಎಂಬ ಹಾರ್ಮೋನ್ ಬಿಡಿಸಿ ಮೈಯನ್ನು ನಿದ್ದೆಗೆ ಅಣಿ ಮಾಡುವುದೂ ಅದೇ. ಹರೆಯದಲ್ಲಿ ಈ ಗಡಿಯಾರ ಒಂದೆರಡು ಗಂಟೆ ಹಿಂದೆ ಬೀಳುತ್ತದೆ. ಹನ್ನೊಂದಾದರೂ ಕಣ್ಣು ಎಳೆಯುವುದಿಲ್ಲ. ಬೇಕಾದ ನಿದ್ದೆ 8ರಿಂದ 10 ಗಂಟೆ. ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದರೆ ಎಷ್ಟಾಯಿತು, ನೀವೇ ಲೆಕ್ಕ ಹಾಕಿ. ಅದರಲ್ಲೂ ಕನಸು ಬೀಳುವ ನಿದ್ದೆ ಜಾಸ್ತಿ ಇರುವುದು ಬೆಳಗಿನ ಜಾವದಲ್ಲೇ. ನಾವು ಕಿತ್ತುಕೊಳ್ಳುತ್ತಿರುವುದು ಅದನ್ನೇ. ಓದಿದ್ದು ತಲೆಯಲ್ಲಿ ನಿಲ್ಲಬೇಕಾದರೆ ನಿದ್ದೆ ಬೇಕು ಕಣ್ರೀ!

"ಎಲ್ಲಾ ಮೊಬೈಲ್‌ನಿಂದ" ಅನ್ನುವವರು ಇದ್ದೇ ಇರುತ್ತಾರೆ. ಮೊಬೈಲ್ ನಿದ್ದೆ ಕೆಡಿಸುತ್ತದೆ, ಒಪ್ಪುತ್ತೇನೆ. ಆದರೆ ಅಮೆರಿಕದ ನಿದ್ದೆ ಸಂಶೋಧಕಿ ಮೇರಿ ಕಾರ್ಸ್ಕಾಡನ್ ಹರೆಯದವರ ಗಡಿಯಾರ ತಡವಾಗುವುದನ್ನು ತೋರಿಸಿದ್ದು 1990ರ ದಶಕದಲ್ಲಿ. ಆಗ ಮಕ್ಕಳ ಕೈಗೆ ಮೊಬೈಲ್ ಬಂದೇ ಇರಲಿಲ್ಲ. "ನಾವೂ ನಾಲ್ಕಕ್ಕೆ ಎದ್ದು ಓದಿದವರೇ" ಅನ್ನುವ ಮಾತಂತೂ ಬೇಡವೇ ಬೇಡ. ಆಗ ಒಂಬತ್ತಕ್ಕೆ ಊರೇ ಮಲಗುತ್ತಿತ್ತು. ಈ ಮಕ್ಕಳು ಸಂಜೆಯ ಸಿಇಟಿ ಕ್ಲಾಸ್ ಮುಗಿಸಿ ಮನೆ ಸೇರುವುದೇ ಒಂಬತ್ತಕ್ಕೆ.

ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೆಚ್ಚಿನ ಹೈಸ್ಕೂಲ್‌ಗಳು ಬೆಳಿಗ್ಗೆ 8:30ಕ್ಕಿಂತ ಮೊದಲು ಶುರುವಾಗುವಂತಿಲ್ಲ, ಕಾನೂನೇ ಇದೆ. ಬೆಂಗಳೂರಿನಲ್ಲೂ 2023ರಲ್ಲಿ ಶಾಲೆ ಸಮಯ ಬದಲಿಸುವ ಮಾತು ಬಂತು. ಅದು ಟ್ರಾಫಿಕ್ ಕಡಿಮೆ ಮಾಡಲು. ಮಕ್ಕಳ ನಿದ್ದೆಯ ಬಗ್ಗೆ ಯೋಚಿಸಿದವರು ಎಷ್ಟು ಜನ?

ನಿಮಗೆ ಗೊತ್ತೇ ಇದೆ, ನನ್ನ ಮಗಳೂ ಈ ವರ್ಷ ಸೆಕೆಂಡ್ ಪಿಯುಸಿ. ಅವಳನ್ನು ಆ ಬ್ಯಾಚಿಗೆ ಸೇರಿಸಿಲ್ಲ. ಹಿಂದೆ ಬೀಳುತ್ತಾಳೇನೋ ಎಂಬ ಭಯ ನನಗೂ ಇದೆ, ಸುಳ್ಳು ಯಾಕೆ ಹೇಳಲಿ. ಟ್ಯೂಷನ್ ಸರ್ ಹತ್ತಿರ ಏಳಕ್ಕೆ ಇಡಿ ಎಂದು ಕೇಳಿದೆ. "ಮೇಡಂ, ನಾಲ್ಕೂವರೆಗೆ ಇಟ್ಟರೂ ಪೇರೆಂಟ್ಸ್ ಕಳಿಸ್ತಾರೆ" ಅಂದರು.

ಕಳಿಸುವವರು ನಾವೇ ಅಲ್ವಾ? ನಮ್ಮ ಏರಿಯಾದವರು ಭಾನುವಾರ ಸಂಜೆ ಒಟ್ಟಿಗೆ ಹೋಗಿ ಅವರ ಹತ್ತಿರ ಮಾತಾಡೋಣ. ಬರುವವರು ಇನ್‌ಬಾಕ್ಸ್ ಮಾಡಿ.