ಏಲಿಯನ್ ಆಮೇಲೆ, ಮೊದಲು ಬಾಗಿಲು ತೋರಿಸಿ ಸ್ವಾಮಿ

ಈಗಷ್ಟೇ ಒಂದು ಸಿನಿಮಾ ಮುಗಿಸಿ ಎದ್ದೆ. ಹೆಸರು ಹೇಳುವುದಿಲ್ಲ, ಸುಮ್ನೆ ಪುಕ್ಕಟೆ ಪ್ರಚಾರ ಯಾಕೆ? ಒಂದು ಗಗನನೌಕೆ, ಒಳಗೆ ಆರು ಜನ, ಜೊತೆಗೆ ಒಂದು ಏಲಿಯನ್. ತಪ್ಪಿಸಿಕೊಂಡು ಹೋಗಲು ಜಾಗವಿಲ್ಲ. ಇಂಥದ್ದು ಕಣ್ಣಿಗೆ ಬಿದ್ದರೆ ನಾನು ಬಿಡುವವನಲ್ಲ, ನಿಮಗೆ ಗೊತ್ತೇ ಇದೆ. ಆದರೆ ಒಂದೂವರೆ ಗಂಟೆ ನೋಡಿದರೂ ಆ ನೌಕೆಗೆ ಎಷ್ಟು ಬಾಗಿಲು ಅಂತ ಗೊತ್ತಾಗಲಿಲ್ಲ!

ಎಲ್ಲಿಂದ ಎಲ್ಲಿಗೆ ಓಡಿದರೂ ಅದೇ ಕಾರಿಡಾರ್. ಒಮ್ಮೆ ಕೆಂಪು ದೀಪ, ಒಮ್ಮೆ ನೀಲಿ ದೀಪ. ಗೋಡೆಯಲ್ಲಿ ಮಾತ್ರ ಅದೇ ಪೈಪು, ಅದೇ ತುಕ್ಕಿನ ಕಲೆ. ಏಲಿಯನ್ ಎಡಕ್ಕೆ ಹೋಯಿತು, ಮುಂದಿನ ಶಾಟ್‌ನಲ್ಲಿ ಬಲಗಡೆಯಿಂದ ಹಾರಿತು. ಅದು ಎಲ್ಲಿಂದ ಬೇಕಾದರೂ ಬರಬಹುದು ಅಂತಾದರೆ ನಾನು ಯಾವ ಕಡೆ ನೋಡಿ ಹೆದರಲಿ?

ಹೆದರಿಸಲು ನನ್ನಷ್ಟು ಸುಲಭದ ಗಿರಾಕಿ ಇನ್ನೊಬ್ಬನಿಲ್ಲ ಕಣ್ರೀ. ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೇ ಈಗಲೂ ನನ್ನ ಕಣ್ಣು ಮೇಲಿನ ಮುಚ್ಚಳ ಹುಡುಕುತ್ತದೆ. ಅಂಥವನು ಆಕಳಿಸುತ್ತಾ ಕೂತಿದ್ದೆ.

‘ಪಾಪ, ಬಜೆಟ್ ಇಲ್ಲ’ ಅಂತ ರಾಗ ಎಳೆಯುವವರು ಇದ್ದೇ ಇರುತ್ತಾರೆ. ಆ ಮಾತು ನನ್ನ ಹತ್ತಿರ ಬೇಡ. 1958ರ ‘ಇಟ್! ದಿ ಟೆರರ್ ಫ್ರಂ ಬಿಯಾಂಡ್ ಸ್ಪೇಸ್’ ನೋಡಿ. ಮಂಗಳನಿಂದ ವಾಪಸ್ ಬರುವ ರಾಕೆಟ್, ಅದರೊಳಗೆ ಸೇರಿಕೊಂಡ ಒಂದು ರಕ್ಕಸ ಪ್ರಾಣಿ. ರಬ್ಬರ್ ವೇಷ ತೊಟ್ಟ ನಟ ರೇ ಕಾರಿಗನ್‌ಗೆ ಮುಖವಾಡದ ಅಳತೆಯೇ ಹೊಂದಲಿಲ್ಲ, ಗದ್ದ ಅದರ ಬಾಯಿಂದ ಆಚೆ ಬಂತು. ಏನು ಮಾಡಿದರು ಗೊತ್ತಾ? ಗದ್ದಕ್ಕೇ ಬಣ್ಣ ಬಳಿದು ನಾಲಿಗೆ ಮಾಡಿಬಿಟ್ಟರು! ನಗು ಬರುತ್ತದೆ, ನಿಜ. ಆದರೆ ಆ ರಾಕೆಟ್ ಮಹಡಿಯ ಮೇಲೆ ಮಹಡಿ, ನಡುವೆ ಮೆಟ್ಟಿಲು, ಮುಚ್ಚಳ. ಪ್ರಾಣಿ ಕೆಳಗಿನಿಂದ ಒಂದೊಂದೇ ಮುಚ್ಚಳ ಒಡೆದುಕೊಂಡು ಬರುತ್ತದೆ. ಜನ ಒಂದೊಂದೇ ಮಹಡಿ ಬಿಟ್ಟುಕೊಟ್ಟು ಮೇಲೆ ಸರಿಯುತ್ತಾರೆ. ಇನ್ನೆಷ್ಟು ಉಳಿದಿದೆ ಅಂತ ನಾವೇ ಲೆಕ್ಕ ಹಾಕಲು ಶುರು ಮಾಡುತ್ತೇವೆ. ಆಗ ನಾಲಿಗೆ ಯಾರಿಗೆ ನೆನಪಿರುತ್ತದೆ?

1979ರ ‘ಏಲಿಯನ್’ಗೆ ದುಡ್ಡಿತ್ತು, ಒಪ್ಪಿದೆ. ಆದರೆ ಕ್ಯಾಪ್ಟನ್ ಗಾಳಿ ಕೊಳವೆಯೊಳಗೆ ಹೋಗುವ ದೃಶ್ಯದಲ್ಲಿ ನಮ್ಮನ್ನು ಹೆದರಿಸುವುದು ಏನು? ಜಾಡು ಹಿಡಿಯುವ ಯಂತ್ರದ ಪರದೆಯ ಮೇಲಿನ ಎರಡು ಚುಕ್ಕಿ. ಒಂದು ಅವನು, ಇನ್ನೊಂದು ಅದು. ಹತ್ತಿರ ಬರ್ತಾ ಇದೆ ಅಂತ ಜೊತೆಗಾತಿ ಆಚೆಯಿಂದ ಕಿರುಚುತ್ತಾಳೆ. ಏಲಿಯನ್ ಕಾಣುವುದು ಕೊನೆಯಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು. ಚುಕ್ಕಿಗೆ ಎಷ್ಟು ಖರ್ಚಾಗುತ್ತೆ ಹೇಳಿ? ‘ಏಲಿಯನ್’ ಚಿತ್ರಕಥೆ ಬರೆದ ಡ್ಯಾನ್ ಒಬ್ಯಾನನ್ 1974ರ ‘ಡಾರ್ಕ್ ಸ್ಟಾರ್’ನಲ್ಲಿ ಬೀಚ್ ಬಾಲ್‌ಗೆ ಕಾಲು ಅಂಟಿಸಿದ ಏಲಿಯನ್ ಹಿಂದೆ ಓಡಿ, ಲಿಫ್ಟ್ ಓಡಾಡುವ ಬಾವಿಯಂಥ ಜಾಗದಲ್ಲಿ ನೇತಾಡಿದ ನಟನೂ ಹೌದು. ಬಡತನ ಅವನಿಗೆ ಗೊತ್ತಿರಲಿಲ್ವಾ?

ನಾನು ಈಗಷ್ಟೇ ನೋಡಿದ ಸಿನಿಮಾದ ಮಹಾನುಭಾವರು ಇದ್ದಬದ್ದ ದುಡ್ಡನ್ನೆಲ್ಲ ಗ್ರಾಫಿಕ್ಸಿಗೆ ಸುರಿದಿದ್ದಾರೆ. ಹದಿನೈದು ನಿಮಿಷ ಆಗುವ ಮೊದಲೇ ಟ್ಯೂಬ್‌ಲೈಟಿನ ಕೆಳಗೆ ಏಲಿಯನ್ ನಿಂತು ಫೋಟೋಗೆ ಪೋಸ್ ಕೊಟ್ಟ ಹಾಗೆ ಘರ್ಜಿಸುತ್ತದೆ. ಕಾಲು ನೆಲಕ್ಕೆ ತಾಗುತ್ತಿಲ್ಲ, ನೆರಳಿಲ್ಲ. ಕೊನೆಗೆ ನಾಯಕಿ ಅದುವರೆಗೆ ಕಾಣದ ಒಂದು ಬಾಗಿಲು ತೆರೆದು ಅದನ್ನು ಆಚೆ ದಬ್ಬುತ್ತಾಳೆ. ಅಲ್ಲಮ್ಮಾ, ಇಷ್ಟು ಹೊತ್ತು ಈ ಬಾಗಿಲು ಎಲ್ಲಿತ್ತು? ಐದು ಜನ ಸತ್ತರಲ್ಲ!

ಎರಡನೇ ಭಾಗಕ್ಕೆ ಅಂತ ಮೊಟ್ಟೆ ಬೇರೆ ತೋರಿಸಿ ಮುಗಿಸಿದ್ದಾರೆ. ಬಂದರೆ ನೋಡದೇ ಬಿಡ್ತೀನಾ? ಆ ತುಕ್ಕಿನ ಕಾರಿಡಾರ್‌ಗೆ ಈ ಸಲ ಹಸಿರು ದೀಪ ಹಾಕಿರುತ್ತಾರೆ, ಬೇಕಾದರೆ ಬರೆದಿಟ್ಟುಕೊಳ್ಳಿ.